ಹೆರಿಗೆ ವಾರ್ಡಿನ ಎಂಪಿ

ಜನವರಿ 14, ಮಂಗಳವಾರ

ಒಂದೂವರೆ ನಿಮಿಷ. ಅಧಿವೇಶನ ಶುರುವಾದಾಗಿನಿಂದ ಮಾತಾಡಲು ಅವಕಾಶ ಕೇಳಿ ದಿನಾ ಬೆಳಗ್ಗೆ ಚೀಟಿ ಹಾಕಿ ಕಾದದ್ದಕ್ಕೆ ಸಿಕ್ಕಿದ್ದು ಅಷ್ಟೇ. ಅದರಲ್ಲೂ ಅರ್ಧ ‘ಮಾನ್ಯ ಸಭಾಧ್ಯಕ್ಷರೇ, ತಾವು ಅವಕಾಶ ಕೊಟ್ಟಿದ್ದಕ್ಕೆ’ ಎನ್ನುವುದರಲ್ಲೇ ಹೋಯಿತು. ‘ನಮ್ಮ ಕಡೆ ಹೆರಿಗೆ ನೋವು ಬಂದ ಹೆಂಗಸು’ ಎನ್ನುವಷ್ಟರಲ್ಲಿ ಮೈಕಿನ ದೀಪ ಆರಿತು. ನಾನು ಬಿಡಲಿಲ್ಲ. ಹದಿನೆಂಟು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ಮೈಕ್ ನಂಬಿಕೊಂಡು ಬದುಕಿದವಳಲ್ಲ. ನಿಂತಲ್ಲೇ ಕೂಗಿದೆ. ಸಭಾಧ್ಯಕ್ಷರು ಕನ್ನಡಕ ಕೆಳಗಿಳಿಸಿ, “ಮಾನ್ಯ ಸದಸ್ಯರೇ, ಇದು ಬಸ್ ನಿಲ್ದಾಣ ಅಲ್ಲ” ಅಂದರು. ಸದನವೆಲ್ಲ ಗೊಳ್ಳೆಂದಿತು. ಎದುರಿನ ಸಾಲಿನವರು ನಕ್ಕರೆ ನಗಲಿ. ನಮ್ಮ ಪಕ್ಷದವರೇ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆರೋಗ್ಯ ಮಂತ್ರಿಗಳ ಮಸೂದೆ ಪಾಸಾದರೆ ಹಳ್ಳಿಗಾಡಿನ ಸಣ್ಣ ಆಸ್ಪತ್ರೆಗಳ ಹೆರಿಗೆ ವಾರ್ಡುಗಳೆಲ್ಲ ಬಂದ್. ದೇಶದುದ್ದಕ್ಕೂ ಇನ್ನೂರು ಚಿಲ್ಲರೆ. ನಮ್ಮ ಗುಡ್ಡದ ಸುತ್ತಲೇ ಐದು: ನನ್ನ ಕ್ಷೇತ್ರದಲ್ಲಿ ಪೇಟೆಯದೊಂದು, ಕೆರೆಯ ಕಡೆಯದೊಂದು, ಗುಡ್ಡದಾಚೆ ಪಕ್ಕದ ಕ್ಷೇತ್ರದಲ್ಲಿ ಮೂರು. ಇನ್ನು ಮೇಲೆ ಎಲ್ಲರೂ ಹೆರಲು ಜಿಲ್ಲಾಸ್ಪತ್ರೆಗೇ ಹೋಗಬೇಕಂತೆ. ಆ ರಸ್ತೆ ನನಗೆ ಗೊತ್ತು. ನನ್ನ ಬಸ್ಸಿನಲ್ಲೇ ಎರಡು ಹೆರಿಗೆ ಆಗಿವೆ, ಹಿಂದಿನ ಸೀಟಿಗೆ ಬಟ್ಟೆ ಅಡ್ಡ ಹಿಡಿದು. ಒಂದು ಮಗು ಉಳಿಯಿತು.

ಒಂದನ್ನೂ ಮುಚ್ಚಲು ಬಿಡುವುದಿಲ್ಲ. ಇನ್ನೂರರಲ್ಲಿ ಒಂದನ್ನೂ.

ಜನವರಿ 17, ಶುಕ್ರವಾರ

ಮಂತ್ರಿಗಳ ಭೇಟಿಗೆ ಹೋಗಿ ಅವರ ಕಚೇರಿಯ ಹೊರಗೆ ಕೂತು ಬಂದೆ. ಅಲ್ಲಿನ ಸೋಫಾ ಎಷ್ಟು ಮೆತ್ತಗಿದೆಯೆಂದರೆ ಒಮ್ಮೆ ಕೂತರೆ ಸಿಟ್ಟಿನಿಂದ ಏಳುವುದಕ್ಕೂ ಆಗುವುದಿಲ್ಲ. ಬೇಕೆಂದೇ ಹಾಗೆ ಮಾಡಿಸಿರಬೇಕು.

ನನ್ನ ಆಪ್ತ ಸಹಾಯಕ ನನಗಿಂತ ಮೊದಲು ಮೂರು ಎಂಪಿಗಳನ್ನು ಸಾಕಿದವನು. ಮಡಚಿದ ಕರ್ಚೀಫು ಕೈಬಿಡುವುದಿಲ್ಲ. ಮನಸ್ಸಿನಲ್ಲಿ ಅವನನ್ನು ಕರ್ಚೀಫು ಎಂದೇ ಕರೆಯುತ್ತೇನೆ. ಇವತ್ತು ನನಗೆ ಪಾಠ ಹೇಳಿದ: “ಮೇಡಂ, ‘ಮುಚ್ಚಬಾರದು’ ಅನ್ಬೇಡಿ. ‘ಮರುಪರಿಶೀಲನೆ ಅಗತ್ಯ’ ಅನ್ನಿ. ‘ನಮ್ಮ ಹೆಂಗಸ್ರು ಸಾಯ್ತಾರೆ’ ಅನ್ಬೇಡಿ. ‘ಪ್ರತಿಕೂಲ ಪರಿಣಾಮ’ ಅನ್ನಿ.”

“ಸತ್ತೋರ ಮನೆಗೆ ಹೋಗಿ ‘ಪ್ರತಿಕೂಲ ಪರಿಣಾಮ ಆಗಿದೆಯಂತೆ’ ಅನ್ಲೇನಪ್ಪ?” ಅಂದೆ. ಕರ್ಚೀಫಿನಿಂದ ಬಾಯಿ ಒರೆಸಿಕೊಂಡ.

ಜನವರಿ 26, ಭಾನುವಾರ

ಊರಲ್ಲಿದ್ದೇನೆ. ಬೆಳಗ್ಗೆ ಬಾಗಿಲು ತೆಗೆದರೆ ಜಗುಲಿ ತುಂಬ ಜನ. ಒಬ್ಬನಿಗೆ ವರ್ಗಾವಣೆ, ಒಬ್ಬಳಿಗೆ ಮಗಳ ಕಾಲೇಜು ಸೀಟು, ಇನ್ನೊಬ್ಬನಿಗೆ ಪಕ್ಕದ ಮನೆಯವನ ಕೋಳಿಯ ಮೇಲೆ ದೂರು. ಕೋಳಿಗೂ ನನಗೂ ಸಂಸತ್ತಿಗೂ ಏನು ಸಂಬಂಧ ಎಂದರೆ, “ನೀವೇ ಹಿಂಗಂದ್ರೆ ಹೆಂಗಮ್ಮ?” ಅಂದ. ಅವನನ್ನೂ ಕೂರಿಸಿ ಕೇಳಿದೆ.

ಜನವೆಲ್ಲ ಕರಗಿದ ಮೇಲೆ ದೊಡ್ಡ ಸಿಸ್ಟರ್ ಬಂದರು. ಪೇಟೆ ಆಸ್ಪತ್ರೆಯ ಹೆರಿಗೆ ವಾರ್ಡು ಎಂದರೆ ಅವರೇ. ನನ್ನ ಮಗನನ್ನೂ ಮೊದಲು ಕೈಯಲ್ಲಿ ಹಿಡಿದವರು. ಕುರ್ಚಿಯ ತುದಿಯಲ್ಲಿ ಕೂತು, “ಮುಚ್ತಾರಂತೆ ಹೌದಾ?” ಅಂತ ಕೇಳಿದರು.

“ನಾನಿರೋವರೆಗೆ ಇಲ್ಲ ಸಿಸ್ಟರ್.”

“ಕೆರೆ ಕಡೆಯದು?”

“ಅದೂ ಇಲ್ಲ.”

“ಗುಡ್ಡದಾಚೆಯವು?”

“ಯಾವುದೂ ಇಲ್ಲ ಅಂದ್ನಲ್ಲ!”

ಒಳಗಿನಿಂದ ಅತ್ತೆ, “ಬಾಯಿ ತುಂಬ ಹೇಳ್ತಿದೀಯ, ಕೈ ತುಂಬ ಮಾಡು” ಅಂದರು. ಅತ್ತೆಗೆ ನಾನು ಎಂಪಿಯಾದದ್ದು ಇನ್ನೂ ಒಗ್ಗಿಲ್ಲ. ಕಂಡಕ್ಟರ್ ಕೆಲಸವಾದರೆ ಸಂಜೆಗೆ ಮನೆ ಸೇರುತ್ತಿದ್ದಳು ಎನ್ನುತ್ತಾರೆ. ನಮ್ಮೆಜಮಾನರು ಇವತ್ತಿಗೂ ಅದೇ ರೂಟಿನ ಡ್ರೈವರ್. ಅವರ ಪಕ್ಕದಲ್ಲಿ ಈಗ ಬೇರೆ ಕಂಡಕ್ಟರ್. ಸೀಟಿಯನ್ನೇ ಸರಿಯಾಗಿ ಊದುವುದಿಲ್ಲವಂತೆ.

ಫೆಬ್ರವರಿ 3, ಸೋಮವಾರ

ಕ್ಯಾಂಟೀನಿನಲ್ಲಿ ತಾತನ ಜೊತೆ ಚಹಾ. ತಾತ ಅಂದರೆ ಗುಡ್ಡದಾಚೆಯ ಎಂಪಿ. ವಿರೋಧ ಪಕ್ಷದವರು, ಆರು ಸಲ ಗೆದ್ದವರು. ಎಲ್ಲರೂ ಹಾಗೇ ಕರೆಯುತ್ತಾರೆ. ಚಹಾವನ್ನು ಸಾಸರಿಗೆ ಸುರಿದುಕೊಂಡು ಕುಡಿಯುವ ಅವರನ್ನು ನೋಡಿದರೆ ಈ ರಾಜಧಾನಿಯಲ್ಲಿ ನನಗೆ ಉಸಿರಾಡಲು ಸಾಧ್ಯವಾಗುತ್ತದೆ.

“ನಾನು ಕೂಗಿದ್ರೆ ವಿರೋಧ ಪಕ್ಷ ಕೂಗ್ತಿದೆ ಅಂತಾರೆ. ನೀನು ಕೂಗಿದ್ರೆ ಕೇಳಿಸ್ಕೋತಾರೆ” ಅಂದರು.

“ಕೇಳಿಸ್ಕೊಂಡು ನಗ್ತಾರೆ ತಾತ.”

“ನಗ್ಲಿ ಬಿಡು. ನಗೋವಾಗ ಕಿವಿ ತೆರೆದಿರತ್ತೆ.”

ಇಬ್ಬರೂ ಸೇರಿ ಒಂದು ತಿದ್ದುಪಡಿ ತರುವುದೆಂದು ಮಾತಾಯಿತು: ಗುಡ್ಡಗಾಡಿನ ಯಾವ ವಾರ್ಡನ್ನೂ ಮುಟ್ಟಬಾರದು. ಇನ್ನೂರನ್ನೂ ಹಿಡಿದರೆ ಒಂದೂ ಉಳಿಯುವುದಿಲ್ಲ, ಐದನ್ನು ಗಟ್ಟಿಯಾಗಿ ಹಿಡಿಯೋಣ ಎಂದೆ. ತಾತ ಒಂದು ಕ್ಷಣ ನನ್ನ ಮುಖ ನೋಡಿ, “ಹೂಂ, ಐದಾದ್ರೂ ಸರಿ” ಅಂದರು.

ಫೆಬ್ರವರಿ 5, ಬುಧವಾರ

ಮಂತ್ರಿಗಳಿಲ್ಲ. ಸೋಫಾ ಇತ್ತು.

ಫೆಬ್ರವರಿ 11, ಮಂಗಳವಾರ

ನಮ್ಮ ಪಕ್ಷದ ಸಚೇತಕರು ಕರೆಸಿದರು. ಯಾರು ಯಾವಾಗ ಕೈ ಎತ್ತಬೇಕು, ಯಾವಾಗ ಇಳಿಸಬೇಕು ಎಂದು ಹೇಳುವುದೇ ಅವರ ಉದ್ಯೋಗ. ಬೈಯುತ್ತಾರೆಂದು ಸೆರಗು ಬಿಗಿದುಕೊಂಡು ಹೋದರೆ ಬಾದಾಮಿಯ ತಟ್ಟೆ ಮುಂದೆ ಸರಿಸಿದರು. ಅದೇ ಹೆಚ್ಚು ಹೆದರಿಕೆ ತಂದಿತು.

“ಪಕ್ಷ ಟಿಕೆಟ್ ಕೊಟ್ಟಿದೆ. ಆ ಮುದುಕರ ಜೊತೆ ಸೇರಿ ತಿದ್ದುಪಡಿ ತಂದ್ರೆ ನಾಳೆ ಪೇಪರಲ್ಲಿ ಏನು ಬರತ್ತೆ? ಆಡಳಿತ ಪಕ್ಷದಲ್ಲಿ ಒಡಕು ಅಂತ. ಅದರ ಬದಲು ನಿಮಗೇನು ಬೇಕೋ ನಮ್ಮನ್ನ ಕೇಳಿ. ನಿಮ್ಮ ಕ್ಷೇತ್ರದ್ದು ಎರಡು ವಾರ್ಡು ಅಲ್ವಾ? ಮಾತಾಡೋಣ.”

“ಗುಡ್ಡದಾಚೆಯ ಮೂರು?”

“ಅವು ನಿಮ್ಮವೇನಮ್ಮ?”

ಮೈ ಉರಿಯಿತು. ಆದರೆ ಹೊರಗೆ ಬಂದು ಯೋಚಿಸಿದಾಗ ಅವರ ಮಾತಿನಲ್ಲೂ ಅರ್ಥ ಇಲ್ಲದಿಲ್ಲ. ನನ್ನನ್ನು ಗೆಲ್ಲಿಸಿ ಕಳಿಸಿದವರು ಗುಡ್ಡದ ಈಚೆಯವರು. ತಾತನಿಗೂ ಬಾಯಿದೆ, ಆರು ಸಲ ಗೆದ್ದ ಅನುಭವವಿದೆ. ಅವರ ಕಡೆಯದನ್ನು ಅವರು ನೋಡಿಕೊಳ್ಳುತ್ತಾರೆ.

ಫೆಬ್ರವರಿ 13, ಗುರುವಾರ

ತಿದ್ದುಪಡಿಗೆ ಸಹಿ ಹಾಕಲು ತಾತ ಮೊಗಸಾಲೆಯಲ್ಲಿ ಕಾಯುತ್ತಿದ್ದರಂತೆ. ನನಗೆ ಬೇರೆ ಸಭೆ ಇತ್ತು. ಹಿಂದಿನ ಬಾಗಿಲಿನಿಂದ ಹೋದರೆ ಹತ್ತಿರ. ಹಾಗೇ ಹೋದೆ.

ಫೆಬ್ರವರಿ 20, ಗುರುವಾರ

ಕೊನೆಗೂ ಮಂತ್ರಿಗಳ ಭೇಟಿ ಆಯಿತು. ಸಚೇತಕರೂ ಇದ್ದರು. ಚರ್ಚೆ ಸೌಹಾರ್ದಯುತವಾಗಿತ್ತು. ಎರಡೂ ವಾರ್ಡುಗಳಿಗೆ ವಿನಾಯಿತಿ ಕೊಟ್ಟರೆ ಬೇರೆಯವರೂ ಕೇಳುತ್ತಾರೆ ಎಂಬುದು ಮಂತ್ರಿಗಳ ಅಭಿಪ್ರಾಯ. ಕೆರೆಯ ಕಡೆಯ ವಾರ್ಡಿನಲ್ಲಿ ಹೆರಿಗೆಗಳ ಸಂಖ್ಯೆಯೂ ಕಡಿಮೆ. ಪೇಟೆಯದನ್ನು ಉಳಿಸಿಕೊಳ್ಳಲು ತಾತ್ವಿಕವಾಗಿ ಒಪ್ಪಲಾಯಿತು. ಅದಕ್ಕೆ ಕೆಲವು ಷರತ್ತುಗಳು. ಮುಖ್ಯವಾದದ್ದು ಮೂರನೆಯದು: ನನ್ನ ಕ್ಷೇತ್ರದ ನಿವಾಸಿಗಳಿಗೆ ಮಾತ್ರ ದಾಖಲಾತಿ. ಇಲ್ಲವಾದರೆ ಸುತ್ತಮುತ್ತಲಿನವರೆಲ್ಲ ನುಗ್ಗಿ ವಾರ್ಡಿನ ಮೇಲೆ ಒತ್ತಡ ಬೀಳುತ್ತದೆ. ಸಮಂಜಸವೇ ಅನ್ನಿಸಿತು. ಒಪ್ಪಿದೆ.

ಬೆಟ್ಟ ಅಗೆದು ಇಲಿ ಹಿಡಿದೆ ಎಂದು ಯಾರಾದರೂ ಅನ್ನಬಹುದು. ಇಲಿಯನ್ನಾದರೂ ಹಿಡಿದವರು ಎಷ್ಟು ಜನ ಇದ್ದಾರೆ ಇಲ್ಲಿ?

ಕರ್ಚೀಫು ನನ್ನ ಪತ್ರಿಕಾ ಹೇಳಿಕೆ ಓದಿ, “ಒಂದು ಪದವೂ ಬದಲಾಯಿಸೋ ಹಾಗಿಲ್ಲ ಮೇಡಂ” ಅಂದ. ಅದನ್ನು ನಾನೇ ಬರೆದದ್ದು.

ಮಾರ್ಚ್ 2, ಭಾನುವಾರ

ಊರಿನಲ್ಲಿ ಇಡೀ ದಿನ ಹಾಳಾಯಿತು. ಕೆರೆಯ ಕಡೆಯವರು ಗುಂಪಾಗಿ ಬಂದು ಜಗುಲಿಯಲ್ಲಿ ಕೂತರು. ವಸ್ತುಸ್ಥಿತಿ ವಿವರಿಸಿದೆ. ಸಂಪನ್ಮೂಲಗಳ ಸಮರ್ಪಕ ಬಳಕೆ, ಪೇಟೆಗೆ ಅರ್ಧ ಗಂಟೆಯ ದಾರಿ, ಹಂತಹಂತವಾಗಿ ಪರ್ಯಾಯ ವ್ಯವಸ್ಥೆ. ಒಬ್ಬ ಮುದುಕಿ ಎಲ್ಲ ಕೇಳಿಸಿಕೊಂಡು ಪಕ್ಕದವಳನ್ನು, “ಏನಂದ್ಳು? ಇದೆಯಂತಾ, ಇಲ್ಲವಂತಾ?” ಅಂತ ಕೇಳಿದಳು. ಕಿವುಡು ಇರಬೇಕು.

ಈ ಜನಕ್ಕೆ ಎಷ್ಟು ಮಾಡಿದರೂ ಅಷ್ಟೇ. ಅಂಗೈ ಕೊಟ್ಟರೆ ಮುಂಗೈ ನುಂಗುತ್ತಾರೆ. ರಾಜಧಾನಿಯಲ್ಲಿ ನಾನು ಯಾರ ಯಾರ ಮುಂದೆ ನಿಂತು ಬಂದಿದ್ದೇನೆ ಎಂಬುದು ಇವರಿಗೆ ಹೇಗೆ ಗೊತ್ತಾಗಬೇಕು. ಇನ್ನು ಮೇಲೆ ಭೇಟಿಯ ಸಮಯ ಹತ್ತರಿಂದ ಹನ್ನೊಂದು ಎಂದು ಬೋರ್ಡು ಹಾಕಲು ಹೇಳಿದ್ದೇನೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಯಜಮಾನರು ಅಂದರು: “ನೀನು ಇತ್ತೀಚೆಗೆ ರೇಡಿಯೋ ವಾರ್ತೆ ಓದೋ ಹಂಗೆ ಮಾತಾಡ್ತೀಯ ಕಣೇ.”

“ಹಂಗಂದ್ರೆ?”

“ಕೇಳೋಕೆ ಚೆನ್ನಾಗಿರತ್ತೆ. ತಿರುಗಿ ಏನೂ ಕೇಳೋ ಹಾಗಿರಲ್ಲ.”

ಬಸ್ಸಿನ ಸ್ಟೇರಿಂಗ್ ಹಿಡಿದವರಿಗೆ ಇದೆಲ್ಲ ಅರ್ಥವಾಗುವುದಿಲ್ಲ.

ಮಾರ್ಚ್ 11, ಮಂಗಳವಾರ

ಮಸೂದೆ ಪಾಸಾಯಿತು. ನನಗೆ ಪೂರ್ತಿ ಐದು ನಿಮಿಷ ಕೊಟ್ಟಿದ್ದರು. ಮಂತ್ರಿಗಳಿಗೆ ಕೃತಜ್ಞತೆ ಹೇಳಿ, ನನ್ನ ಕ್ಷೇತ್ರದ ವಿಷಯ ಪ್ರಸ್ತಾಪಿಸಿ, ಮಸೂದೆಯನ್ನು ಬೆಂಬಲಿಸಿದೆ. ನಮ್ಮವರು ಮೇಜು ಕುಟ್ಟಿದರು. ಮೈಕು ಆರಲಿಲ್ಲ.

ತಾತ ಮಾತಾಡಿದ್ದು ಎರಡು ನಿಮಿಷ. ನನ್ನ ಹೆಸರೆತ್ತಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ರಾಜಕೀಯದಲ್ಲಿ ಇಷ್ಟು ವರ್ಷ ಇದ್ದವರು ಇದನ್ನೆಲ್ಲ ವೈಯಕ್ತಿಕವಾಗಿ ತೆಗೆದುಕೊಳ್ಳಬಾರದು.

ಏಪ್ರಿಲ್ 6, ಭಾನುವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಬೆಳಗ್ಗೆ ಪೇಟೆ ಆಸ್ಪತ್ರೆಯಲ್ಲಿ ನನಗೆ ಸನ್ಮಾನ. ಆವರಣದಲ್ಲಿ ಶಾಮಿಯಾನ, ಬಾಡಿಗೆ ಕುರ್ಚಿ, ಹೂಗುಚ್ಛ. ವಾರ್ಡಿನ ಗೋಡೆಯ ಮೇಲೆ ಕಲ್ಲಿನ ಫಲಕ: ‘ಮಾನ್ಯ ಸಂಸದರ ಅವಿರತ ಶ್ರಮದಿಂದ ಉಳಿದುಬಂದ ಹೆರಿಗೆ ವಾರ್ಡು’. ಪರದೆ ಎಳೆದೆ. ಸಚೇತಕರು ಫೋನಿನಲ್ಲಿ ಅಭಿನಂದಿಸಿದರು. ಮುಂದಿನ ಸಂಪುಟ ವಿಸ್ತರಣೆಯಲ್ಲಿ ಉಪಮಂತ್ರಿ ಸ್ಥಾನಕ್ಕೆ ನನ್ನ ಹೆಸರೂ ಓಡುತ್ತಿದೆಯಂತೆ. ದೊಡ್ಡ ಸಿಸ್ಟರ್ ವೇದಿಕೆಗೆ ಬರಲಿಲ್ಲ. ಒಳಗೆ ಕೆಲಸವಿದೆ ಅಂದರಂತೆ.

ಮಧ್ಯಾಹ್ನ ಕಾರ್ಯಕ್ರಮ ಮುಗಿದು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ನಾನು ಕಾರು ಹತ್ತುವುದರಲ್ಲಿದ್ದೆ. ಗೇಟಿನ ಹತ್ತಿರ ಜಗಳ ಕೇಳಿಸಿತು. ಒಂದು ಗೂಡ್ಸ್ ಆಟೋ. ಹಿಂದೆ ಹಾಸಿದ ಚೀಲಗಳ ಮೇಲೆ ಒಬ್ಬ ಹುಡುಗಿ. ಹುಡುಗಿಯೇ, ಇಪ್ಪತ್ತು ದಾಟಿರಲಾರದು. ಎರಡೂ ಕೈಯಲ್ಲಿ ಆಟೋದ ಕಂಬಿ ಹಿಡಿದಿದ್ದಳು. ಬೆರಳ ಗೆಣ್ಣುಗಳು ಬಿಳಿಚಿದ್ದವು. ಪಕ್ಕದಲ್ಲಿ ಅವಳ ಅತ್ತೆ.

ಕಾವಲುಗಾರ ಕೇಳುತ್ತಿದ್ದ: “ಯಾವ ಕ್ಷೇತ್ರ? ಗುರುತಿನ ಚೀಟಿ ತೋರಿಸಿ.”

“ಗುಡ್ಡದಾಚೆಯೋರು ಕಣಪ್ಪ. ನಮ್ಮೂರಿಂದು ಮುಚ್ಚಿ ಬೀಗ ಹಾಕಿದಾರೆ. ಜಿಲ್ಲಾಸ್ಪತ್ರೆ ಮುಟ್ಟೋವರೆಗೆ ಇವಳು ತಡೆಯಲ್ಲ.”

“ನಾನೇನು ಮಾಡ್ಲಿ ತಾಯಿ, ಆರ್ಡರ್ ಇದೆ.”

ಆ ಹೆಂಗಸು ಅಲ್ಲೇ ನಿಂತಿದ್ದ ನನ್ನನ್ನು ನೋಡಿದಳು. ಕೈಯಲ್ಲಿ ಹೂಗುಚ್ಛ, ಸುತ್ತ ಜನ. ಯಾರೋ ದೊಡ್ಡವರು ಎಂದುಕೊಂಡಿರಬೇಕು.

“ಅಮ್ಮಾ, ನೀವು ಡಾಕ್ಟರಾ?”

“ಅಲ್ಲ. ನಾನು ಎಂಪಿ.”

ಅವಳ ಮುಖ ಅರಳಿ, ಹಾಗೇ ಬಾಡಿತು. “ನಮ್ಮ ಎಂಪಿ ಅಲ್ವಲ್ಲ ನೀವು” ಅಂದಳು. ಬೈಗುಳವಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಈ ಬಸ್ಸು ನಮ್ಮೂರಿಗೆ ಹೋಗಲ್ವಲ್ಲ ಎನ್ನುವ ಹಾಗೆ. ಹೇಳಿ ಮತ್ತೆ ಕಾವಲುಗಾರನ ಕಡೆ ತಿರುಗಿದಳು, ನನ್ನಿಂದ ಆಗುವುದು ಏನೂ ಇಲ್ಲ ಎಂದು.

ಆ ಹುಡುಗಿ ಕೂಗಿದಳು. ಆ ಕೂಗು ನನಗೆ ಗೊತ್ತು. ಆಮೇಲೆ ಹೆರಿಗೆಗೆ ತುಂಬ ಹೊತ್ತು ಇರುವುದಿಲ್ಲ.

ಹೂಗುಚ್ಛ ಯಾರ ಕೈಗೆ ಕೊಟ್ಟೆನೋ ನೆನಪಿಲ್ಲ. “ಗೇಟ್ ತೆಗಿ” ಅಂದೆ.

ವೈದ್ಯಾಧಿಕಾರಿ ಓಡಿ ಬಂದರು. “ಮೇಡಂ, ಷರತ್ತು ಇದೆ. ತಾವೇ ಒಪ್ಪಿರೋ ಷರತ್ತು. ಒಂದು ಕೇಸ್ ತಗೊಂಡ್ರೂ ವಿನಾಯಿತಿ ರದ್ದು ಮಾಡಬಹುದು ಅಂತ ಬರೆದಿದೆ. ನಾಳೆ ನಮ್ಮೂರಿನವರಿಗೇ ವಾರ್ಡ್ ಇರಲ್ಲ.”

ಹೇಳಿದ್ದು ನಿಜ. ನಾನೇ ಸಮಂಜಸ ಎಂದು ಬರೆದ ಮಾತು. ಒಂದು ಕ್ಷಣ ಬಾಯಿ ತೆರೆದೆ. ಬಂದದ್ದು “ಪರಿಶೀಲಿಸಿ” ಅನ್ನುವ ಪದ. ಆ ಪದ ನನ್ನ ಬಾಯಿಂದಲೇ ಹೊರಗೆ ಬಂತು, ಎಲ್ಲರಿಗೂ ಕೇಳಿಸಿತು. ಯಾರೂ ಅಲುಗಲಿಲ್ಲ. ಕಾವಲುಗಾರನಿಗೆ ಗೇಟು ತೆಗೆಯಬೇಕೋ ಬೇಡವೋ ತಿಳಿಯಲಿಲ್ಲ.

ಅಷ್ಟರಲ್ಲಿ ದೊಡ್ಡ ಸಿಸ್ಟರ್ ಸ್ಟ್ರೆಚರ್ ತಳ್ಳಿಕೊಂಡು ಬಂದು ನನ್ನ ಮುಂದೆ ನಿಂತರು. ದಾಖಲಾತಿಯ ಹಾಳೆ ತೆರೆದು, ಪೆನ್ನು ಹಿಡಿದು, ಕೇಳಿದ್ದು ನನ್ನನ್ನೇ: “ವಿಳಾಸ ಏನಂತ ಬರ್ಕೊಳ್ಲಿ?”

“ನಮ್ಮನೇದು ಬರ್ಕೊಳ್ಳಿ” ಅಂದೆ.

ಅವರು ನನ್ನ ಮುಖ ನೋಡಿದರು. ಮನೆ ನಂಬರು, ಬೀದಿ ಎಲ್ಲ ಅವರಿಗೆ ಬಾಯಿಪಾಠ. ಬರೆದುಕೊಂಡರು. ಗೇಟು ತೆರೆಯಿತು.

ಹೆಣ್ಣು ಮಗು. ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಾಗ ಅಳು ಕೇಳಿಸಿತು. ಆ ಹುಡುಗಿಯ ಅತ್ತೆ ನನ್ನ ಕೈ ಹಿಡಿದುಕೊಂಡು ಏನೇನೋ ಹೇಳಿದಳು. ನನಗೆ ಅರ್ಧ ಕೇಳಿಸಲಿಲ್ಲ. ಎದುರಿನ ಗೋಡೆಯ ಮೇಲೆ ಕಲ್ಲಿನ ಫಲಕ ಇತ್ತು.

ಏಪ್ರಿಲ್ 7, ಸೋಮವಾರ

ಸುಳ್ಳು ವಿಳಾಸ. ಕಾನೂನು ಪ್ರಕಾರ ತಪ್ಪು. ಏನು ಮಾಡಿಬಿಟ್ಟೆ ನಾನು?

ದೊಡ್ಡ ಸಿಸ್ಟರ್ ಫೋನ್ ಮಾಡಿದರು. ಗುಡ್ಡದಾಚೆಯಿಂದ ಇನ್ನಿಬ್ಬರು ಬಂದಿದ್ದಾರೆ. “ಅದೇ ವಿಳಾಸ ಹಾಕ್ಲಾ?” ಎಂದು ಕೇಳಿದರು.

ಹಾಕಿ ಅಂದೆ.

ಮೇ 4, ಭಾನುವಾರ

ಭೇಟಿಯ ಸಮಯದ ಬೋರ್ಡನ್ನು ಯಾರೋ ಕಿತ್ತು ಹಾಕಿದ್ದಾರೆ. ಮತ್ತೆ ಹಾಕಿಸಲು ಹೋಗಲಿಲ್ಲ.

ಇವತ್ತು ನಮ್ಮ ಪೇಟೆಯವರದೇ ದೂರು. “ಹೊರಗಿನೋರೆಲ್ಲ ಬಂದು ತುಂಬ್ಕೊಂಡ್ರೆ ನಮ್ಮ ಹೆಣ್ಣುಮಕ್ಕಳು ಎಲ್ಲಿ ಮಲಗ್ಬೇಕು? ನಾವು ಓಟು ಹಾಕಿದ್ದು ನಿಮಗೆ!” ಇಬ್ಬರು ಒಂದೇ ಹಾಸಿಗೆಯಲ್ಲಿ ಮಲಗಿದ್ದು ನಿಜ. ಮೊದಲು ಸಿಟ್ಟು ಬಂತು. ಆಮೇಲೆ, “ಬನ್ನಿ, ಇನ್ನಷ್ಟು ಮಂಚ ಎಲ್ಲಿ ಹಿಡಿಸತ್ತೆ ನೋಡೋಣ” ಎಂದು ಅವರನ್ನೇ ಕರೆದುಕೊಂಡು ವಾರ್ಡಿಗೆ ಹೋದೆ. ಕೂಗಾಡುತ್ತಲೇ ಬಂದರು, ಕೂಗಾಡುತ್ತಲೇ ಹಿಂದಿನ ಸಾಮಾನಿನ ಕೋಣೆ ಖಾಲಿ ಮಾಡಿದರು. ಗುಂಪಿನಲ್ಲಿ ಜೋರಾಗಿ ಬೈದ ಬಡಗಿಯೇ ಮುರಿದ ಮಂಚಕ್ಕೆ ಕಾಲು ಕೂಡಿಸಿ ಹೋದ. ಹೋಗುವಾಗಲೂ ಬೈದ.

ಕೆರೆಯ ಕಡೆಯ ವಾರ್ಡಿನ ಬೀಗ ಹಾಗೇ ಇದೆ. ಅದರ ಬಗ್ಗೆ ಮೂರು ಸಲ ಕೇಳಿದೆ. ಉತ್ತರವಿಲ್ಲ. ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಮೇ 16, ಶುಕ್ರವಾರ

ಅಂಚೆಯವನು ಇವತ್ತು ನಮ್ಮ ಮನೆಗೆ ಒಂದು ಕಟ್ಟು ತಂದು ಹಾಕಿದ. ಮಕ್ಕಳ ಲಸಿಕೆ ಕಾರ್ಡುಗಳು. ಹುಟ್ಟಿದ ಮಗುವಿನ ಮನೆಗೆ ಇಲಾಖೆಯವರು ಕಳಿಸುವಂಥವು. ಅತ್ತೆ ಒಂದೊಂದನ್ನೇ ಕಣ್ಣಿನ ಹತ್ತಿರ ಹಿಡಿದು ನೋಡಿದರು. ನೋಡಿ ಮುಗಿಸಿ ಕೇಳಿದರು:

“ನಮ್ಮನೇಲಿ ಎಷ್ಟು ಜನ ಬಾಣಂತಿಯರಿದಾರೆ?”

ಎಲ್ಲ ಹೇಳಿದೆ. ಬೈಯುತ್ತಾರೆ ಎಂದು ಕಾದೆ. “ಮೊದಲೇ ಹೇಳಬಾರದಾ? ಅಂಚೆಯವನ ಮುಂದೆ ಪೆದ್ದಿ ಹಂಗೆ ನಿಂತ್ಕೊಂಡೆ” ಅಂದರು.

ಕಾರ್ಡುಗಳನ್ನು ಯಜಮಾನರು ಬಸ್ಸಿನಲ್ಲಿ ಒಯ್ದು ಗುಡ್ಡದಾಚೆಯ ನಿಲ್ದಾಣಗಳಲ್ಲಿ ತಲುಪಿಸಿ ಬಂದರು.

ಮೇ 20, ಮಂಗಳವಾರ

ಸಚೇತಕರ ಫೋನು. ಬಾದಾಮಿಯ ದನಿ ಇರಲಿಲ್ಲ.

“ಏನ್ರೀ ಇದು? ಒಂದೇ ಮನೇಲಿ ಒಂದು ತಿಂಗಳಿಗೆ ಹದಿನೇಳು ಹೆರಿಗೆ ಅಂತ ಇಲಾಖೆಯಿಂದ ವರದಿ ಬಂದಿದೆ. ಮಂತ್ರಿಗಳು ಕೇಳ್ತಿದಾರೆ. ಏನಂತ ಹೇಳ್ಲಿ?”

“ಅವಿಭಕ್ತ ಕುಟುಂಬ ಅಂತ ಹೇಳಿ ಸರ್.”

“ತಮಾಷೆ ಮಾಡ್ಬೇಡಿ. ಉಪಮಂತ್ರಿ ಸ್ಥಾನ ಹೋಯ್ತು ಅಂತ ತಿಳ್ಕೊಳ್ಳಿ. ವಿಚಾರಣೆಗೆ ಅಧಿಕಾರಿ ಬರ್ತಾರೆ.”

ಫೋನ್ ಇಟ್ಟೆ. ಕರ್ಚೀಫು ಎಲ್ಲ ಕೇಳಿಸಿಕೊಂಡಿದ್ದ. “ಮೇಡಂ, ಗುಮಾಸ್ತರ ತಪ್ಪಿನಿಂದ ಆಗಿದೆ ಅಂತ ಒಂದು ಪತ್ರ ತಯಾರು ಮಾಡ್ಲಾ? ಸಿಸ್ಟರ್ ಮೇಲೆ ಹೋಗತ್ತೆ. ನಿಮಗೇನೂ ಆಗಲ್ಲ.”

“ನಾನೇ ಹೇಳಿ ಬರೆಸಿದ್ದು ಅಂತ ತಯಾರು ಮಾಡು.”

“ಇದನ್ನ ಬೇರೆ ರೀತಿ ಹೇಳಬಹುದು ಮೇಡಂ...”

“ಬೇಡ.”

ಮೇ 29, ಗುರುವಾರ

ಅಧಿಕಾರಿ ಬಂದದ್ದು ನಾನು ಸ್ನಾನಕ್ಕೆ ಹೋಗಿದ್ದಾಗ. ಅತ್ತೆಯೇ ಕೂರಿಸಿ ಮಾತಾಡಿಸಿದ್ದಾರೆ. ಬಚ್ಚಲಿಗೆ ಎಲ್ಲ ಕೇಳಿಸುತ್ತಿತ್ತು.

“ಈ ಮನೇಲಿ ಎಷ್ಟು ಜನ ವಾಸ ಇದೀರಿ ಅಜ್ಜಿ?”

“ಅದು ಹೊತ್ತಿನ ಮೇಲೆ ಹೋಗತ್ತೆ ಕಣಪ್ಪ.”

“ಈ ಹದಿನೇಳು ಜನ ಹೆಂಗಸ್ರು ನಿಮಗೆ ಏನಾಗ್ಬೇಕು?”

“ಸೊಸೆಯಂದ್ರು.”

“ನಿಮಗೆ ಒಬ್ಬನೇ ಮಗ ಅಲ್ವಾ?”

“ಹೂಂ. ಒಳ್ಳೇ ಹುಡುಗ.”

ತಲೆಗೆ ನೀರು ಹಾಕಿಕೊಳ್ಳುವುದನ್ನು ಮರೆತು ನಿಂತಿದ್ದೆ. ಹೊರಗೆ ಬಂದು, ಅತ್ತೆಯ ಮಾತು ಬಿಡಿ, ಬರೆಸಿದವಳು ನಾನೇ ಎಂದು ಹೇಳಿಕೆ ಕೊಟ್ಟು ಸಹಿ ಹಾಕಿದೆ. ಆ ಮನುಷ್ಯ ಸಹಿಯ ಮೇಲೆ ಊದಿ, ಶಾಯಿ ಒಣಗುವವರೆಗೆ ತಲೆ ಎತ್ತಲಿಲ್ಲ. ಬಾಗಿಲಲ್ಲಿ ನಿಂತು ಮೆಲ್ಲಗೆ ಅಂದ: “ನಮ್ಮ ಊರಿಂದೂ ಮುಚ್ಚಿದಾರೆ ಮೇಡಂ.”

ಆ ಮಸೂದೆಗೆ ನಾನೂ ಕೈ ಎತ್ತಿದ್ದೆ.

ಜೂನ್ 3, ಮಂಗಳವಾರ

ತಾತನ ಬಿಡಾರಕ್ಕೆ ಹೋದೆ. ಒಳಗೆ ಕರೆಯಲಿಲ್ಲ, ಬಾಗಿಲಲ್ಲೇ ನಿಂತು ಮಾತಾಡಿದರು.

“ನಮ್ಮ ಕಡೆ ಹುಡುಗಿಯರು ನಿಮ್ಮನೇಲಿದಾರಂತೆ.”

“ಹೂಂ ತಾತ. ಕಾಯಿದೆ ವಾಪಸ್ ತಗೊಳ್ಳಿ ಅಂತ ನಿರ್ಣಯ ತರೋಣ ಅಂತ ಬಂದೆ. ಎಲ್ಲದರದ್ದೂ. ಇನ್ನೂರು ಚಿಲ್ಲರೆ.”

“ಗೆಲ್ಲಲ್ಲ.”

“ಗೊತ್ತು.”

“ನಿನ್ನನ್ನ ಪಕ್ಷದಿಂದ ತೆಗೀತಾರೆ.”

“ಅದೂ ಗೊತ್ತು.”

“ಮಾರ್ಚಲ್ಲಿ ಗೊತ್ತಿದ್ದಿದ್ರೆ ಚೆನ್ನಾಗಿರ್ತಿತ್ತು” ಅಂದರು. ಪೆನ್ನು ಕೇಳಿ ಸಹಿ ಹಾಕಿ ಬಾಗಿಲು ಹಾಕಿಕೊಂಡರು. ಚಹಾ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ.

ಜೂನ್ 15, ಭಾನುವಾರ

ಬೆಳಗ್ಗೆ ಪಕ್ಷದಿಂದ ಉಚ್ಚಾಟನೆಯ ಆದೇಶ ಬಂತು. ಒಂದು ಸಾಲು. ನಿರ್ಣಯವೂ ಮೊನ್ನೆ ಬಿದ್ದುಹೋಯಿತು. ಪರವಾಗಿ ಕೈ ಎತ್ತಿದವರನ್ನು ಎಣಿಸಲು ಸಭಾಧ್ಯಕ್ಷರಿಗೆ ಕನ್ನಡಕ ಬೇಕಾಗಲಿಲ್ಲ. ಒಂದೇ ಒಂದು ಆಗಿದೆ: ಪೇಟೆ ವಾರ್ಡಿನ ವಿನಾಯಿತಿಯನ್ನು ರದ್ದು ಮಾಡಿಲ್ಲ. ಹದಿನೇಳು ಹೆರಿಗೆಯ ಮನೆ ಅಂತ ಪೇಪರಿನವರು ದಿನಾ ಬರೆಯುತ್ತಿರುವಾಗ ಬೀಗ ಹಾಕಲು ಧೈರ್ಯವಿಲ್ಲ. ಇವತ್ತು ಇಲ್ಲ, ನಾಳೆ ಹಾಕಬಹುದು. ಕೆರೆಯ ಕಡೆಯದಂತೂ ಮುಚ್ಚಿಯೇ ಇದೆ. ಇಷ್ಟು ಕೂಗಿ, ಇಷ್ಟು ಕಳೆದುಕೊಂಡು, ಕೊನೆಗೆ ಕೈಯಲ್ಲಿ ಇರುವುದು ಅದೇ ಒಂದು ವಾರ್ಡು. ಅತ್ತೆಯ ಮೇಲೆ ರೇಗಿದೆ, ಯಜಮಾನರ ಮೇಲೆ ರೇಗಿದೆ, ಹಾಲಿನ ಪಾತ್ರೆಯ ಮೇಲೂ ರೇಗಿದೆ. ಫೋನು ಬಿಡದೆ ಬಡಿದುಕೊಳ್ಳುತ್ತಿತ್ತು. ಎಲ್ಲ ಪತ್ರಿಕೆಯವರು.

ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ಯಾರೋ ನಿಂತಿದ್ದರು. ಒಬ್ಬ ಹುಡುಗಿ, ತೋಳಿನಲ್ಲಿ ಮಗು. ಮೊದಲು ಗುರುತು ಸಿಗಲಿಲ್ಲ. ಕಂಬಿ ಹಿಡಿದಿದ್ದ ಬೆರಳುಗಳು ಮಾತ್ರ ನನಗೆ ನೆನಪಿದ್ದವು. ಮುಖ ಇವತ್ತೇ ನೋಡಿದ್ದು. ಗಲ್ಲದಲ್ಲಿ ಗುಳಿ ಇದೆ.

“ಲಸಿಕೆ ಹಾಕಿಸೋಕೆ ಪೇಟೆಗೆ ಬಂದಿದ್ದೆ” ಅಂದಳು. ಹೊಸ್ತಿಲ ಆಚೆಯಿಂದಲೇ ಕತ್ತು ಚಾಚಿ ಒಳಗೆಲ್ಲ ನೋಡಿದಳು: ಗೋಡೆ, ಕುರ್ಚಿ, ಒಣಹಾಕಿದ ಬಟ್ಟೆ. “ಇವಳ ಕಾರ್ಡಲ್ಲಿ ಈ ಮನೆ ನಂಬರ್ ಇದೆ. ದೊಡ್ಡವಳಾದ್ಮೇಲೆ ಕೇಳ್ತಾಳಲ್ಲ, ಹೆಂಗಿತ್ತು ಅಂತ. ಒಂದ್ಸಲ ನೋಡ್ಕೊಂಡು ಹೋಗೋಣ ಅಂತ ಬಂದೆ. ಇದೇನಾ ನಮ್ಮನೆ?”

“ಇದೇ ಕಣಮ್ಮ. ಬಿಸಿಲಲ್ಲಿ ಯಾಕೆ ನಿಂತಿದೀಯ?” ಅಂದರು ಅತ್ತೆ. ಮಗುವನ್ನು ಅವರೇ ಇಸಕೊಂಡರು. ಯಜಮಾನರು ನನ್ನ ಹಾಸಿಗೆಯ ಮೇಲಿದ್ದ ಪೇಪರುಗಳನ್ನೆಲ್ಲ ಒತ್ತಟ್ಟಿಗೆ ಸರಿಸಿ ಮಗುವನ್ನು ಮಲಗಿಸಲು ಜಾಗ ಮಾಡಿದರು. ಆದೇಶದ ಪತ್ರವೂ ಅದರಲ್ಲೇ ಎಲ್ಲೋ ಹೋಯಿತು.

ಫೋನು ಮತ್ತೆ ಬಡಿದುಕೊಂಡಿತು. ಪತ್ರಿಕೆಯವನು, ಉಚ್ಚಾಟನೆಯ ಬಗ್ಗೆ ನಿಮ್ಮ ಪ್ರತಿಕ್ರಿಯೆ ಏನು ಎಂದು ಕೇಳಿದ.

“ಮನೆ ಜನ ಬಂದಿದಾರೆ. ಆಮೇಲೆ ಮಾಡಪ್ಪ” ಅಂದೆ.